ಬೀಗದವರ ಬೀದಿಗೆ ಬಿದ್ದ ಬೀಗ

ಸಹಯೋಗ ಸಂಶೋಧನಾ ಕೇಂದ್ರದ ಮಾನ್ಯ ನಿರ್ದೇಶಕರೇ,

ಬೀಗ ತಯಾರಿಸುವವರ ಬೀದಿಯಲ್ಲಿ ತಾವು ತೆರೆದ ಕೇಂದ್ರಕ್ಕೆ ಬೀಗ ಬಿದ್ದಿದೆ. ಉದ್ಘಾಟನೆಯ ಮರುದಿನ ಬಿದ್ದದ್ದು, ಇಂದಿಗೂ ತೆಗೆದಿಲ್ಲ. ಅದೂ ನಮ್ಮ ಬೀಗವಲ್ಲ. ಟೆಂಡರ್ ಕರೆದು ಬೇರೆ ಊರಿನಿಂದ ತರಿಸಿದ ಬೀಗ. ನಮ್ಮ ಕಸುಬಿಗೆ ಇದಕ್ಕಿಂತ ದೊಡ್ಡ ಗೌರವವನ್ನು ಯಾರು ತಾನೇ ಕೊಟ್ಟಾರು?

ಒಳಗೊಂದು ಯಂತ್ರವಿದೆ. ಬೀಗಕ್ಕೆ ಬೀಗದ ಕೈ ತೂರಿಸಿ ತಿರುಗಿಸುತ್ತಲೇ ಇರುವುದು, ಎಲ್ಲಿ ಸವೆಯಿತೆಂದು ತೋರಿಸುವುದು ಅದರ ಕೆಲಸ. ಬೀದಿಯ ಐದೂ ಕಾರ್ಖಾನೆಯವರು ಅದನ್ನು ಹಂಚಿಕೊಂಡು ಬಳಸಲಿ, ಕೂಡಿ ಸಂಶೋಧನೆ ನಡೆಸಲಿ, ಬೀಗಗಳ ಗುಣಮಟ್ಟ ಹೆಚ್ಚಲಿ ಎಂದು ತಾವು ವೇದಿಕೆಯ ಮೇಲೆ ಗಂಟಲು ಹರಿದುಕೊಂಡಿರಿ. ನಾವೂ ಚಪ್ಪಾಳೆ ತಟ್ಟಿದೆವು. ಹಂಚಿಕೊಳ್ಳುವುದು ನಮಗೇನು ಹೊಸದೇ? ನಮ್ಮ ಸಾಣೆಯಂತ್ರವನ್ನು ಮೈದುನ ಒಯ್ಯುತ್ತಾನೆ, ಅವನ ಅಚ್ಚನ್ನು ಎದುರು ಕಾರ್ಖಾನೆಯವರು ಒಯ್ಯುತ್ತಾರೆ, ಎಲ್ಲರೂ ಒಂದು ಸುತ್ತು ಜಗಳವಾಡಿ ಹಿಂದಿರುಗಿಸುತ್ತಾರೆ. ಇದಕ್ಕೆ ಸಹಯೋಗ ಎಂಬ ಹೆಸರಿದೆಯೆಂದು ತಮ್ಮ ಭಾಷಣದಿಂದಲೇ ತಿಳಿಯಿತು.

ಯಂತ್ರ ಸಿಗದ ಕಾರಣ ಪರೀಕ್ಷೆಯ ಕೆಲಸ ನಮ್ಮ ಅತ್ತೆಯವರದು. ಕಾರ್ಖಾನೆಯ ಬಾಗಿಲಲ್ಲಿ ಕೂತು, ಹೋಗಿಬರುವವರನ್ನೆಲ್ಲ ವಿಚಾರಿಸಿಕೊಳ್ಳುತ್ತ, ಒಂದೇ ಬೀಗವನ್ನು ಹಾಕಿ ತೆಗೆದು, ಹಾಕಿ ತೆಗೆದು ಮಾಡುತ್ತಾರೆ. ಈ ಯಂತ್ರಕ್ಕೆ ಕರೆಂಟು ಬೇಡ, ಮಾತು ನಿಂತಾಗ ಮಾತ್ರ ನಿಲ್ಲುತ್ತದೆ. ಈಗ ಹೊಸ ಆಸ್ಪತ್ರೆಯೊಂದು ತನ್ನ ಅಷ್ಟೂ ಬಾಗಿಲುಗಳ ಬೀಗದ ಕೆಲಸವನ್ನು ನಮ್ಮ ಐವರಿಗೂ ಸೇರಿಸಿ ಕೊಡಲು ಒಪ್ಪಿದೆ. ಆದರೆ ತಿಂಗಳ ಕೊನೆಯೊಳಗೆ ತಮ್ಮ ಯಂತ್ರದ ಪ್ರಮಾಣಪತ್ರ ಬೇಕಂತೆ. ಅತ್ತೆಯವರ ಊದಿದ ಹೆಬ್ಬೆರಳನ್ನು ತೋರಿಸಿದರೆ ನಡೆಯುವುದಿಲ್ಲವಂತೆ. ಈ ಕೆಲಸ ಕೈತಪ್ಪಿದರೆ ಬೀದಿಯಲ್ಲಿ ಬಾಗಿಲು ಹಾಕುವವರಲ್ಲಿ ನಾವೇ ಮೊದಲಿಗರು. ತಮಾಷೆ ಹಾಗಿರಲಿ, ನನಗೆ ನಿಜಕ್ಕೂ ಭಯವಾಗಿದೆ.

ತಮ್ಮ ಕಚೇರಿಗೆ ಹೋಗಿ ಕೇಳಿದೆ. ಗುಮಾಸ್ತರು ತಲೆ ಎತ್ತದೆ, "ಕೇಂದ್ರದ ಉಸ್ತುವಾರಿ ನೋಡ್ತಿದ್ದ ಹಳೇ ಸಾಹೇಬ್ರು ವರ್ಗ ಆದ್ರಲ್ಲಮ್ಮ, ಕೀ ಅವ್ರ ಜೊತೇಲೇ ಹೋಗಿದೆ" ಎಂದರು. ಬೀಗ ಒಡೆಸಬಾರದೇ ಎಂದೆ. "ಅದಕ್ಕೆ ಸಮಿತಿ ಸಭೆ ಸೇರಿ ಒಪ್ಪಬೇಕು." ಸೇರಲಿ ಎಂದೆ. "ಸಭೆ ಆ ಕೇಂದ್ರದ ಒಳಗೇ ನಡೀಬೇಕು ಅಂತ ನಿಯಮ ಇದೆ." ನಾನು ಮೂಗಿನ ಮೇಲೆ ಬೆರಳಿಟ್ಟುಕೊಂಡು ಮನೆಗೆ ಬಂದೆ.

ಬೀಗದವರು ನೀವು, ನೀವೇ ತೆಗೆಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಧಾರಾಳವಾಗಿ ತೆಗೆಯಬಹುದಿತ್ತು. ಅತ್ತೆಯವರು ಅದನ್ನು ಒಮ್ಮೆ ನೋಡಿ, "ಅಯ್ಯೋ, ಇದೂ ಒಂದು ಬೀಗಾನಾ? ಕೆಮ್ಮಿದ್ರೆ ಬಿಚ್ಕೊಳ್ಳುತ್ತೆ" ಎಂದಿದ್ದರು. ಆದರೆ ಮೈದುನ ತಂತಿ ಹಿಡಿದು ಮುಂದೆ ಬಂದಾಗ ಅವನ ಕೈಗೆ ಪಟ್ಟನೆ ಹೊಡೆದವರೂ ಅವರೇ.

"ಮುಟ್ಬೇಡ! ಯಜಮಾನ ಎದುರಿಗೆ ನಿಂತಿಲ್ದೆ ನಮ್ಮ ಬೀದೀಲಿ ಯಾರೂ ಯಾರ ಬೀಗಾನೂ ತೆಗ್ದಿಲ್ಲ. ಇವತ್ತು ತೆಗೆದ್ರೆ ನಾಳೆ ನಮ್ಮ ಬೀಗಾನ ಯಾರು ನಂಬ್ತಾರೆ?"

ಐದೂ ಕಾರ್ಖಾನೆಯವರು ತಂತಮ್ಮ ಕೆಲಸಕ್ಕೆ ಮರಳಿದರು. ಅನ್ನ ಆ ಬಾಗಿಲ ಒಳಗಿದೆಯೆಂದು ಗೊತ್ತಿದ್ದೂ ಒಬ್ಬರೂ ಮುಟ್ಟಲಿಲ್ಲ. ಅತ್ತೆಯವರ ಮೇಲೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು.

ಆದ್ದರಿಂದ ನಮ್ಮ ಬೇಡಿಕೆ ಒಂದೇ. ತಾವು ಬೀಗದ ಕೈ ಹುಡುಕಿಸಬೇಡಿ, ಸಮಿತಿ ಕರೆಯಬೇಡಿ, ಭಾಷಣವನ್ನಂತೂ ಖಂಡಿತ ತರಬೇಡಿ. ಈ ವಾರದಲ್ಲಿ ಒಮ್ಮೆ ಬಂದು ಆ ಬಾಗಿಲ ಮುಂದೆ ಸುಮ್ಮನೆ ನಿಂತುಕೊಳ್ಳಿ. ಉಳಿದದ್ದನ್ನು, ತಾವು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ, ನಮ್ಮ ಅತ್ತೆಯವರು ಮುಗಿಸುತ್ತಾರೆ.

ಇಂತಿ,
ತಮ್ಮ ಬಾಗಿಲ ಹೊರಗೆ ಕೈಕಟ್ಟಿ ನಿಂತಿರುವ
ಬೀಗದವರ ಮನೆಯ ಸೊಸೆ