ಬಾಲಿಗೆ ಹೊರಟ ಕೋಲ

ನವೆಂಬರ್ 4, ಬೆಳಿಗ್ಗೆ

ಪೇಪರ್ ಅರ್ಧವೂ ಆಗಿರಲಿಲ್ಲ. ಮೊಮ್ಮಗಳು ಸಾತ್ವಿಕಾ ಓಡಿ ಬಂದಳು. "ಅಜ್ಜಾ, ನಾನು ಬಾಲಿಗೆ ಸೆಲೆಕ್ಟ್!" ಒಂಬತ್ತನೇ ಕ್ಲಾಸಿನವರಿಗೆ ಶಾಲೆಯಿಂದ ಇಂಡೋನೇಷ್ಯಾ ಪ್ರವಾಸವಂತೆ. ಅಲ್ಲಿನ ಸಂಸ್ಕೃತಿ, ಪರಂಪರೆಯ ಅನುಭವಕ್ಕೆ.

"ಇಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿದ್ದೀಯಾ?"

"ಅದು ಎಲ್ಲಿಗೂ ಓಡಿಹೋಗುವುದಿಲ್ಲ ಅಜ್ಜ."

ನಗು ಬಂತು. ತೋರಿಸಲಿಲ್ಲ.

ನವೆಂಬರ್ 11

ಅಲ್ಲಿನ ಶಾಲೆಯ ವೇದಿಕೆಯಲ್ಲಿ ನಮ್ಮ ಮಕ್ಕಳೂ ಏನಾದರೂ ಮಾಡಿ ತೋರಿಸಬೇಕು. ಏನು? ದೈವದ ಕೋಲ! ದೈವವೇ ಮೈಮೇಲೆ ಬರುವ ಆರಾಧನೆ. ಸಾತ್ವಿಕಾ ಬೆನ್ನಿಗೆ ತೆಂಗಿನ ಗರಿಯ ಅಣಿ ಕಟ್ಟಿ, ಕಾಲಿಗೆ ಝಣಗುಡುವ ಗಗ್ಗರ ಹಾಕಿ ಕುಣಿಯುವುದು. ರೆಕಾರ್ಡೆಡ್ ಮ್ಯೂಸಿಕ್ಕಿಗೆ...

ಎಣ್ಣೆ, ವೀಳ್ಯ ಪಡೆದು, ವ್ರತ ಹಿಡಿದ ಮೇಲಷ್ಟೇ ಕೋಲ ಕಟ್ಟುವವರು ಗಗ್ಗರ ಮುಟ್ಟುವುದು. ಎಪ್ಪತ್ತೊಂಬತ್ತರಲ್ಲಿ ಬಂಟ್ವಾಳದ ಒಂದು ಮೆರವಣಿಗೆಯಲ್ಲಿ ಲಾರಿಯ ಮೇಲೆ ದೈವದ ವೇಷ ನಿಲ್ಲಿಸಿದ್ದರು. ಕೋಲ ಕಟ್ಟುತ್ತಿದ್ದ ಚನಿಯಪ್ಪ ರಸ್ತೆ ಬದಿಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಯಾರೂ ಚಕಾರ ಎತ್ತಲಿಲ್ಲ.

ಶಾಲೆಗೇ ಹೋದೆ. ಸಂಚಾಲಕ ಚಿದಾನಂದ ನಕ್ಕರು. "ಎಂತ ಮಾರಾಯ್ರೆ, ಯಕ್ಷಗಾನ ಎಲ್ಲ ಶಾಲೆಯವರೂ ಮಾಡ್ತಾರೆ. ಇದಾದ್ರೆ ಫೋಟೋಕ್ಕೆ ಲಾಯ್ಕ ಉಂಟು."

ಪೇಪರಿಗೆ ಬರೆದೆ. ಮೈ ಉರಿಯುತ್ತಿತ್ತು.

ನವೆಂಬರ್ 15

ಅಚ್ಚಾಗಿದೆ. ಒಂದು ಸಾಲೂ ಕತ್ತರಿಸಿಲ್ಲ. ಬೆಳ್ತಂಗಡಿಯಿಂದ, ಬಂಟ್ವಾಳದಿಂದ ಫೋನಿನ ಮೇಲೆ ಫೋನು. ಸಂಜೆ ಫರಂಗಿಪೇಟೆಯಿಂದ ಯಾರೋ. "ಭಾರೀ ಒಳ್ಳೇದು ಬರ್ದಿದ್ದೀರಿ ಸರ್. ಮಕ್ಕಳಿಗೆ ಕೋಲ ಕಲಿಸುವ ಟೀಚರ್ ಯಾರು?"

ಹೊಗಳಿಕೆಯ ಗುಂಗು. ಹೇಳಿದೆ — ಖದೀಜ, ತೋಡಾರಿನವರು.

ಹೆಸರು ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ, "ಹೌದಾ... ಸಾಕು ಸರ್."

ಏನು ಸಾಕು? ಆಗಲೇ ಕೇಳಬೇಕಿತ್ತು.

ನವೆಂಬರ್ 16

ವಾಟ್ಸಾಪಿನಲ್ಲಿ ಖದೀಜರ ಫೋಟೋ. ಕೆಳಗೆ ನನ್ನ ಪತ್ರ, ಪೂರ್ತಿ. ಮೇಲೆ ಕೆಂಪು ಅಕ್ಷರ: 'ನಮ್ಮ ದೈವದ ಜೊತೆ ಇವಳ ಆಟ.' ಊರಿನ ಹೆಸರೂ ಇದೆ. ನಾನೇ ಕೊಟ್ಟದ್ದು.

ಸಾತ್ವಿಕಾ ಊಟಕ್ಕೆ ಬರಲಿಲ್ಲ. ಕರೆಯಲು ಹೋದರೆ — "ಮೇಡಂ ಬೇಡ ಅಂದಿದ್ರು ಅಜ್ಜ. ಇದು ವೇಷ ಅಲ್ಲ, ಗದ್ದೆಯಲ್ಲಿ ನೇಜಿ ನೆಡುವ ಹಾಡು ಮಾಡುವ ಅಂತ. ಸಂಚಾಲಕರೇ ಕೇಳ್ಲಿಲ್ಲ. ನೀವಾದ್ರೂ ನನ್ನ ಹತ್ರ ಒಂದು ಮಾತು ಕೇಳಿದ್ರಾ?"

ಕೇಳಿರಲಿಲ್ಲ.

ನವೆಂಬರ್ 18

ಕೋಲ ರದ್ದು. ಖದೀಜರಿಗೆ ಪ್ರವಾಸವೂ ಇಲ್ಲ, ಕ್ಲಾಸೂ ಇಲ್ಲ. ಶಾಲೆಯ ಗೇಟಿನಲ್ಲಿ ಬೈಕುಗಳಲ್ಲಿ ಬಂದ ಗುಂಪು. ಟೀಚರನ್ನು ಕೆಲಸದಿಂದಲೇ ತೆಗೆಯಬೇಕಂತೆ ಆ ಗುಂಪಿಗೆ. ಕಲಿಸಲು ಹೇಳಿದ್ದೇ ನೀವು, ಹೊರಗೆ ಬಂದು ಹೇಳಿ ಅಂದೆ ಚಿದಾನಂದರಿಗೆ. "ಕೋಲ ನಿಲ್ಲಬೇಕಿತ್ತು, ನಿಂತಿತಲ್ಲ ಸರ್. ಇನ್ನೆಂತ ನಿಮ್ಮದು?"

ಖದೀಜರದು ತಪ್ಪಿಲ್ಲ ಎಂದು ಪೇಪರಿನವರಿಗೆ ಇನ್ನೊಂದು ಪತ್ರ ಕೊಟ್ಟೆ. "ವಿಷಯ ತಣ್ಣಗಾಗಲಿ ಸರ್."

ನವೆಂಬರ್ 22

ತೋಡಾರಿಗೆ ಹೋಗಲು ನಾಲ್ಕು ದಿನ ಬೇಕಾಯಿತು. ಬಾಗಿಲು ತೆರೆದದ್ದು ಖದೀಜರ ತಾಯಿ, ರುಖಿಯಮ್ಮ. ಕಿಟಕಿಯ ಗಾಜು ಒಡೆದಿತ್ತು, ರಟ್ಟು ಅಂಟಿಸಿದ್ದರು.

"ಪೇಪರಿಗೆ ಬರೆಯುವವರು ನೀವೇ ಅಲ್ವಾ? ಕೂತುಕೊಳ್ಳಿ. ಚಾ ಕುಡಿದು ಬೈಸಿಕೊಳ್ಳಿ."

ಖದೀಜ ಬೈಯಲಿಲ್ಲ. ಹೆಸರು ಹೇಳಿದವನು ನಾನೇ ಎಂದೆ. ಚಾ ಲೋಟ ನನ್ನ ಕಡೆ ಸರಿಸಿದರು.

"ನಾಳೆ ಮೀಟಿಂಗಿಗೆ ಕರ್ದಿದ್ದಾರೆ. ರಾಜೀನಾಮೆ ಕೊಡು ಅಂತಾರೆ. ಕೊಡುವುದಿಲ್ಲ ನಾನು. ಇಲ್ಲಿ ನನ್ನ ಹತ್ರ ಹೇಳಿದ್ದನ್ನು ಗೇಟಿನಲ್ಲಿ ಆ ಬೈಕಿನವರೆದುರು ಹೇಳ್ತೀರಾ ಸರ್?"

ಹೇಳುತ್ತೇನೆ ಎಂದೆ. ಸ್ವರ ಗಟ್ಟಿ ಇರಲಿಲ್ಲ.

ನವೆಂಬರ್ 23, ಬೆಳಿಗ್ಗೆ 8

ಶಾಲೆಯ ಗೇಟಿನಲ್ಲಿ ಬೈಕುಗಳು ಆಗಲೇ ಸೇರಿವೆಯಂತೆ. ಸೊಸೆ ಪ್ರಫುಲ್ಲಾ ಬಾಗಿಲಿಗೆ ಅಡ್ಡ. "ಬೇಡ ಮಾವ. ನಿಮ್ಮ ಮಗ ಮಸ್ಕತ್ತಿನಲ್ಲಿದ್ದಾರೆ. ನಾಳೆ ನಮ್ಮ ಕಿಟಕಿಗೆ ಕಲ್ಲು ಬಿದ್ರೆ ಯಾರಿದ್ದಾರೆ?"

ಡೈರಿ ಹಿಡಿದು ಕುರ್ಚಿಯಲ್ಲಿ ಕೂತೆ.

ಸಾತ್ವಿಕಾ ಅಂಗಳದಲ್ಲಿ, ಚಪ್ಪಲಿ ಹಾಕಿ ತಯಾರು. "ಬಾಲಿಯಿಂದ ನನ್ನ ಹೆಸರು ತೆಗೆದ್ರೆ ತೆಗೀಲಿ. ಮೇಡಂ ಬೇಡ ಅಂದದ್ದು ಕೇಳಿದವಳು ನಾನು. ಅಜ್ಜ ಹೇಳದಿದ್ರೆ ನಾನು ಹೇಳ್ತೇನೆ."

ಆಟೋದ ಹಾರ್ನ್. ಪ್ರಫುಲ್ಲಾ ಸರಿದು ನಿಂತಳು, ಮುಖ ಆಚೆ ತಿರುಗಿಸಿ. ಇಷ್ಟು ವರ್ಷ ಬರೆದೆ. ಗುಂಪಿನೆದುರು ಒಮ್ಮೆಯೂ ಬಾಯಿ ತೆರೆದವನಲ್ಲ. ಮೊದಲ ಮಾತು ಇಲ್ಲೇ ಬರೆದುಕೊಳ್ಳುತ್ತೇನೆ, ಅಲ್ಲಿ ನಾಲಿಗೆ ಏಳದಿದ್ದರೆ... ಆ ಹೆಂಗಸಿನ ಹೆಸರು ನಿಮಗೆ ಹೇಳಿದವನು —