ಸಮವಾಗಿ ನಿಂತ ಹಲಗೆ

ನಾಚಾರಂ,
ಭಾನುವಾರ

ಪ್ರೀತಿಯ ಅಪ್ಪಾಜಿ,

ನಿಮ್ಮ ಕೆಲಸದ ಸೈಟಿನಲ್ಲಿ ಫೋನ್ ಸಿಗುವುದಿಲ್ಲವೆಂದು ಬರೆಯುತ್ತಿದ್ದೇನೆ. ನಿನ್ನೆ ಬೇಗಂಪೇಟೆಯಲ್ಲಿ ರೋಬೋಟ್ ಸ್ಪರ್ಧೆ ಮುಗಿಯಿತು.

ಕೊನೆಯ ಪಂದ್ಯದಲ್ಲಿ ಬೇರೆ ಶಾಲೆಯ ತಂಡವೊಂದು ನಮಗೆ ಜೊತೆಯಾಗಿತ್ತು. ಪಂದ್ಯ ಮುಗಿಯುವ ಮುಂಚೆ ರೋಬೋಟ್ ತೂಗುಹಲಗೆ ಏರಬೇಕು. ನಮ್ಮ ರೋಬೋಟ್ ಒಂದೇ ನಡುವೆ ನಿಂತರೆ ನಮಗಷ್ಟೇ ಹತ್ತು ಅಂಕ ಖಚಿತ. ಎರಡೂ ಏರಿ ಹಲಗೆ ಸಮವಾದರೆ ಇಬ್ಬರಿಗೂ ಇಪ್ಪತ್ತು. ವಾಲಿದರೆ ಏನೂ ಇಲ್ಲ.

ಅವರ ರೋಬೋಟಿನ ಚಕ್ರ ಕುಂಟುತ್ತಿತ್ತು. "ಅದು ಏರಾಂಗಿಲ್ಲ ಪೂರ್ವಿ, ನಾವು ನಡುವ ನಿಲ್ಲೋಣು," ಎಂದ ನಮ್ಮ ರೋಹಿತ. ಅದನ್ನು ನಡೆಸುವ ಹುಡುಗಿ ನನ್ನನ್ನೇ ನೋಡುತ್ತಿದ್ದಳು.

"ತಡಿಯೋ, ಬರಾಕತ್ತೈತಿ," ಎಂದು ನಮ್ಮದನ್ನು ಅಂಚಿಗೆ ಸರಿಸಿದೆ. ಅವರದೂ ಏರಿತು. ಹಲಗೆ ದೋಣಿಯಂತೆ ತೂಗಿ, ತೂಗಿ, ಸಮವಾಗಿ ನಿಂತಿತು. ಪಂದ್ಯ ಮುಗಿದ ಗಂಟೆ ನನಗೆ ನೀರಿನಾಳದಿಂದ ಬಂದಂತೆ ಕೇಳಿಸಿತು.

ಒಟ್ಟು ಅಂಕದಲ್ಲಿ ಅವರು ಮೊದಲೇ ನಮಗಿಂತ ಆರು ಮುಂದಿದ್ದರು. ಹಾಗಾಗಿ ದೆಹಲಿಯ ಫೈನಲ್‌ಗೆ ಅವರೇ ಹೋಗುತ್ತಾರೆ. ರೋಹಿತ ಮಾತು ಬಿಟ್ಟಿದ್ದಾನೆ. ಆ ಆರು ಅಂಕ ಗೊತ್ತಿದ್ದೇ ಸರಿಸಿದೆನೆಂದು ನಿಮಗೊಬ್ಬರಿಗೇ ಹೇಳುತ್ತಿದ್ದೇನೆ.

ಅಭ್ಯಾಸಕ್ಕೆಂದು ನೀವು ವರ್ಕ್‌ಶಾಪಿನಲ್ಲಿ ಮಾಡಿಕೊಟ್ಟ ಹಲಗೆಯನ್ನು ಅವರಿಗೆ ಕೊಡಲೇ? ಅವರು ಇಟ್ಟಿಗೆಯ ಮೇಲೆ ಹಳೇ ಬಾಗಿಲಿಟ್ಟು ಕಲಿತವರಂತೆ. ನಮ್ಮ ಹಲಗೆ ಆಟೋದಲ್ಲಿ ಹಿಡಿಸುವುದಿಲ್ಲ. ವರ್ಕ್‌ಶಾಪಿನ ಟೆಂಪೋದವರಿಗೆ ನೀವೇ ಒಂದು ಸಾಲು ಬರೆದು ಕಳಿಸಬೇಕು.

ನಿಮ್ಮ ಮಗಳು,
ಪೂರ್ವಿ