ಏನೂ ತೆಗೆದುಕೊಳ್ಳದ ಪತ್ರಿಕೆ

ಬೆಟಗೇರಿ

ಶಿಗ್ಲಿಯ ತಿರಕಪ್ಪ ಕಾಕಾ ಅವರಿಗೆ ಹೊನ್ನೇಶನ ಶರಣು.

ನಮ್ಮ ‘ಊರ ದನಿ’ ಸಂಗೀತ ಪತ್ರಿಕೆಗೆ ಹತ್ತು ವರ್ಷ ತುಂಬಿತು. ಅದು ನಡೆದು ಬಂದ ಕಥೆಯನ್ನು ಬರೆಯಲು ಸಂಪಾದಕರು ನನಗೆ ಹೇಳಿದರು. ಐದನೆಯ ಇಯತ್ತೆ ಕಲಿತವನು ಏನು ಬರೆಯಲಿ ಎಂದೆ. “ಪತ್ರಿಕಿ ಗಂಟು ಹೊತ್ತು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಿರಗಿದಾಂವ ನೀನ. ನೀನ ಬರೀಬೇಕು” ಎಂದರು. ಮೊದಲ ಸಾಲನ್ನೂ ಅವರೇ ಹೇಳಿಕೊಟ್ಟರು: ಪುಕ್ಕಟೆ ಹಂಚುವ ಈ ಪತ್ರಿಕೆ ಯಾರಿಂದಲೂ ಏನನ್ನೂ ತೆಗೆದುಕೊಂಡಿಲ್ಲ.

ಅಷ್ಟು ಬರೆದ ಮೇಲೆ ಕೈ ನಿಂತಿತು.

ನಿಮ್ಮ ಭಜನಾ ಮೇಳದ ನೀಲಾಳ ದನಿಯನ್ನು ಹೊಗಳಿ ಹೋದ ವರ್ಷ ಪತ್ರಿಕೆಯಲ್ಲಿ ನಾಲ್ಕು ಸಾಲು ಬರೆದವನು ನಾನು. ಅದನ್ನು ಓದಿಯೇ ಗದಗಿನ ಆರ್ಕೆಸ್ಟ್ರಾದವರು ಬಂದು ಅವಳನ್ನು ಕರೆದೊಯ್ದರು. ಅವಳಿಗೆ ಒಳ್ಳೆಯದೇ ಆಯಿತು. ಆದರೆ ಅವಳಿಲ್ಲವೆಂದು ಉಳಿದವರೂ ಬರುವುದು ಬಿಟ್ಟರು, ಸೋಮವಾರದ ಭಜನೆ ನಿಂತಿತು. ಮೊನ್ನೆ ಬಸ್ಸಿನಿಂದ ಪತ್ರಿಕೆಯ ಗಂಟು ಇಳಿಸಿಕೊಳ್ಳುತ್ತ ನೀವು, “ಹೊನ್ನೇಶಾ, ಇನ್ನ ಯಾರನ್ನೂ ಭಾಳ ಹೊಗಳಬ್ಯಾಡಪಾ” ಎಂದು ನಕ್ಕಿರಿ. ‘ಏನನ್ನೂ ತೆಗೆದುಕೊಂಡಿಲ್ಲ’ ಎಂದು ಬರೆಯುವಾಗ ಅದೇ ಮಾತು ನೆನಪಾಯಿತು.

ಆ ಸಾಲನ್ನು ಹೊಡೆದು ಹಾಕಿದ್ದೇನೆ.

ಒಂದು ಕೇಳಿಕೆ. ಈ ಸೋಮವಾರ ಗುಡಿಯಲ್ಲಿ ಹಾರ್ಮೋನಿಯಂ ತೆಗೆದಿಡಿರಿ. ಸಂಜೆಯ ಬಸ್ಸಿಗೆ ಬರುತ್ತೇನೆ. ನಾನು ಜನರೆದುರು ಬಾಯಿ ಬಿಟ್ಟವನಲ್ಲ, ನಿಮಗೆ ಗೊತ್ತು. ನೀಲಾಳ ಜಾಗದಲ್ಲಿ ಕೂರುವ ದನಿಯೂ ನನಗಿಲ್ಲ. ಆದರೂ ನೀವು ಹಾಡಿದ ಸಾಲನ್ನು ಹಿಂದಿನಿಂದ ಎತ್ತಿಕೊಳ್ಳಲು ಒಬ್ಬರಾದರೂ ಬೇಕಲ್ಲ, ಅಷ್ಟು ಮಾಡುತ್ತೇನೆ. ಆ ಭಜನೆಯ ಬಗ್ಗೆ ಪತ್ರಿಕೆಯಲ್ಲಿ ಒಂದಕ್ಷರವನ್ನೂ ಬರೆಯುವುದಿಲ್ಲ.

ನಿಮ್ಮ
ಹೊನ್ನೇಶ